ಸಂಚಕಾರ

'ಜೀವಕ್ಕೆ ಸಂಚಕಾರ', 'ಬೆಳೆಗೆ ಸಂಚಕಾರ' ಎಂದು ಪತ್ರಿಕೆಗಳಲ್ಲಿ ಓದಿ ಓದಿ, ಈ ಪದಕ್ಕೆ ಅಪಾಯ ಎಂಬ ಅರ್ಥವೊಂದೇ ಇದೆ ಎಂದುಕೊಂಡವರು ಬಹಳ. ಆದರೆ ನಮ್ಮ ಕೊಪ್ಪಳ, ರಾಯಚೂರು ಕಡೆ ಹೊಲ ಕೊಳ್ಳುವವರು ಖರೀದಿಪತ್ರಕ್ಕೆ ಮುಂಚೆ ಒಂದಿಷ್ಟು ಹಣ ಕೊಟ್ಟು ಬರೆಸಿಕೊಳ್ಳುವ ಕಾಗದಕ್ಕೆ ಇಂದಿಗೂ 'ಸಂಚಕಾರ ಪತ್ರ' ಎನ್ನುತ್ತಾರೆ. ಆಡಿದ ಮಾತು ಗಟ್ಟಿಯಾಗಲೆಂದು ಕೊಡುವ ಮುಂಗಡವೇ ಸಂಚಕಾರ.

ಪದದ ಮೂಲ ಸಂಸ್ಕೃತದ 'ಸತ್ಯಂಕಾರ'. ಸತ್ಯ ಮಾಡುವುದು, ಅಂದರೆ ಮಾತನ್ನು ನಿಜ ಮಾಡುವುದು. ಅದು ಪ್ರಾಕೃತದಲ್ಲಿ ಸವೆದು ನಮ್ಮ ಬಾಯಿಗೆ ಸಂಚಕಾರವಾಗಿ ಬಂತು. 'ಪ್ರಾಣಕ್ಕೆ ಸಂಚಕಾರ' ಎಂಬ ಮಾತನ್ನೂ ನಾನು ಹೀಗೇ ಓದುತ್ತೇನೆ: ಸಾವು ಮುಂಗಡ ಕೊಟ್ಟಾಗಿದೆ, ಇನ್ನು ಒಯ್ಯುವುದೊಂದೇ ಬಾಕಿ.

ಸತ್ಯಂಕಾರದ ಹಣವನ್ನು ಇಮ್ಮಡಿಯಾಗಿ ಹಿಂತಿರುಗಿಸಬೇಕು ಎನ್ನುತ್ತದೆ ಯಾಜ್ಞವಲ್ಕ್ಯ ಸ್ಮೃತಿ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಅದಕ್ಕೆ 'ಮಿತಾಕ್ಷರಾ' ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದನ್ನು ಬಿಡಿಸಿ ಹೇಳುತ್ತಾನೆ. ವ್ಯಾಪಾರ ಕುದುರಿಸಲು ಉಂಗುರವನ್ನೋ ಇನ್ನೇನನ್ನೋ ಕೊಟ್ಟವನೇ ಮಾತು ತಪ್ಪಿದರೆ ಅದನ್ನು ಕಳೆದುಕೊಳ್ಳುತ್ತಾನೆ. ಇಸಿದುಕೊಂಡವನು ತಪ್ಪಿದರೆ ಎರಡರಷ್ಟು ಕೊಡಬೇಕು. ಈ ಎರಡನೆಯ ಅರ್ಧವನ್ನು ನಾವು ಮರೆತಿದ್ದೇವೆ. ಕಲ್ಯಾಣ ಮಂಟಪದ ರಸೀದಿಯಲ್ಲಿ 'ಅಡ್ವಾನ್ಸ್ ವಾಪಸ್ ಇಲ್ಲ' ಎಂದು ಅಚ್ಚಾಗಿರುತ್ತದೆ. ಮಂಟಪದವರು ಮಾತು ತಪ್ಪಿದರೆ ಏನು ಎಂಬ ಸಾಲು ನನ್ನ ಕಣ್ಣಿಗೆ ಇದುವರೆಗೆ ಬಿದ್ದಿಲ್ಲ.

ತಂಗಿಯ ಮದುವೆಗೆ ಕೊಪ್ಪಳದಲ್ಲಿ ಒಂದು ಮಂಟಪ ಹಿಡಿದಿದ್ದೆವು. ಬಾಡಿಗೆ 1,10,000 ರೂಪಾಯಿ, ಅದರಲ್ಲೇ ಕರೆಂಟ್, ಪಾತ್ರೆ, ಕ್ಲೀನಿಂಗ್ ಎಂದು ಬಾಯಿಮಾತಾಗಿತ್ತು. 25,000 ಕೊಟ್ಟೆವು. ಲಗ್ನಕ್ಕೆ ಹನ್ನೆರಡು ದಿನ ಇರುವಾಗ ಫೋನ್ ಬಂತು: "ಹಳೇ ರೇಟ್ ನಡ್ಯಂಗಿಲ್ರಿ, ಸೀಜನ್ ಐತಿ. ಕರೆಂಟ್, ಪಾತ್ರೆ ಎಲ್ಲಾ ಬ್ಯಾರೆ." ಲಗ್ನಪತ್ರಿಕೆ ಹಂಚಿ ಆಗಿತ್ತು. ಅಪ್ಪ ಆ ರಾತ್ರಿ ಊಟ ಮಾಡಲಿಲ್ಲ. ನಮ್ಮ ರಸೀದಿಯಲ್ಲಿ ತಾರೀಖು, ಮೊತ್ತ ಬಿಟ್ಟರೆ ಒಂದಕ್ಷರವಿರಲಿಲ್ಲ.

ಮರುದಿನ ಮಾತಾಡಲು ಹೋದವರು ಎತ್ತಿನ ವ್ಯಾಪಾರದಲ್ಲಿ ಪಳಗಿದ ನಮ್ಮ ದೊಡ್ಡಪ್ಪ. "ಸಂಚಕಾರ ಹಿಡಿದ ಮ್ಯಾಲ ಮಾತು ಇಬ್ಬರದೂ ಅಲ್ಲೇನ್ರಿ ಸಾವಕಾರ್ರ?" ಎಂದು ಕೇಳಿ ಸುಮ್ಮನೆ ಕೂತರು. ಪುಣ್ಯಕ್ಕೆ, ರೇಟು ಹೇಳಿದ್ದ ಮ್ಯಾನೇಜರ್ ವಾಟ್ಸಾಪ್‌ನಲ್ಲಿ 'ಎಲ್ಲಾ ಸೇರಿ' ಎಂದು ಬರೆದದ್ದು ನನ್ನ ಫೋನಿನಲ್ಲಿತ್ತು. ಅದನ್ನೂ ತೋರಿಸಿದೆ.

ಇಮ್ಮಡಿ ಕೊಡಬೇಕೆಂಬ ನಿಯಮ ಈಗಿನ ಕಾನೂನಿನಲ್ಲಿಲ್ಲ. ಆದರೂ ಕೈ ಕಟ್ಟಿ ಕೂರಬೇಕಿಲ್ಲ. ಒಬ್ಬರೇ ಕೂತು ಕರಾರು ಬದಲಿಸಲು 1872ರ ಕರಾರು ಕಾಯ್ದೆಯಲ್ಲಿ ಜಾಗವಿಲ್ಲ. ಒಪ್ಪಿದ ಬೆಲೆಗಿಂತ ಹೆಚ್ಚು ವಸೂಲಿ ಮಾಡುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೂರಿಗೆ ಕಾರಣವೆಂದೇ ಹೆಸರಿಸಿದೆ. ನೀವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕೇಳಿದರೂ ಆದೀತು. ಲಗ್ನ ನಿಲ್ಲಬಾರದೆಂದು ಹೆಚ್ಚಿನ ಹಣ ಕಟ್ಟಲೇಬೇಕಾಗಿ ಬಂದರೆ, 'ಒಪ್ಪದೆ ಕಟ್ಟಿದ್ದೇವೆ' ಎಂದು ಬರೆದು ಕೊಟ್ಟು ಬಿಲ್ ಇಸಿದುಕೊಳ್ಳಿ.

ನಮ್ಮದು ಅಲ್ಲಿಯವರೆಗೆ ಹೋಗಲಿಲ್ಲ. ಬಾಡಿಗೆ ಹಳೆಯದೇ ಉಳಿಯಿತು, ಜನರೇಟರ್ ಡೀಸೆಲ್ ಮಾತ್ರ ನಮ್ಮದೆಂದು ಒಪ್ಪಿದೆವು. ದೊಡ್ಡಪ್ಪ ಅದೇ ರಸೀದಿಯ ಬೆನ್ನಿಗೆ ಎಲ್ಲವನ್ನೂ ಬರೆಸಿ, ಸಾವಕಾರರ ಸಹಿ ಹಾಕಿಸಿಕೊಂಡೇ ಎದ್ದರು.