ಜೀಪಿಗೆ ಇಂಜಿನ್ ತರುವ ಮೊದಲು ಗೇರಿನ ಲೆಕ್ಕ ಹಾಕಿ

ಮೊನ್ನೆ ಆಲ್ದೂರು ಕಡೆಯ ತೋಟದವರೊಬ್ಬರು ಚಿಕ್ಕಮಗಳೂರಿನ ನಮ್ಮ ಗ್ಯಾರೇಜಿಗೆ ಬಂದಿದ್ದರು. ಅವರ ಅಪ್ಪನ ಕಾಲದ ಸಿಜೆ-3ಬಿ ಜೀಪು, ಪೆಟ್ರೋಲ್ ಇಂಜಿನ್ನಿನ ಬ್ಲಾಕ್ ಬಿರುಕು ಬಿಟ್ಟಿದೆ. "ಅಣ್ಣಾ, ಒಳ್ಳೆ ಟರ್ಬೊ ಡೀಸೆಲ್ ಇಂಜಿನ್ ಸಿಕ್ತು, ಇದನ್ನೇ ಕೂರಿಸಿಕೊಡಿ" ಅಂದರು. ಇಂಜಿನ್ ಆಗಲೇ ಪಿಕಪ್ಪಿನಲ್ಲಿತ್ತು. ನಾನು ಅದನ್ನು ನೋಡುವ ಮೊದಲು ಕೇಳಿದ್ದು ಒಂದೇ: ಮಳೆಗಾಲದಲ್ಲಿ ನಿಮ್ಮ ತೋಟದ ಅತಿ ಕಡಿದಾದ ಇಳಿಜಾರನ್ನು ಬ್ರೇಕ್ ಮುಟ್ಟದೆ ಎಷ್ಟು ನಿಧಾನ ಇಳಿಯಬೇಕು?

ಇಂಜಿನ್ ಬದಲಿಸುವ ಲೆಕ್ಕ ಚಕ್ರದಿಂದ ಶುರುವಾಗಬೇಕು, ಬಾನೆಟ್ಟಿನಿಂದ ಅಲ್ಲ. ಸಿಜೆ-3ಬಿಯಲ್ಲಿರುವುದು ಮೂರು ಗೇರಿನ ಟಿ-90 ಗೇರ್‌ಬಾಕ್ಸ್. ಅದರ ಫಸ್ಟ್ ಗೇರ್ 2.8, ಅಂದರೆ ಒಳಗೆ 2.8 ಸುತ್ತು ತಿರುಗಿದರೆ ಹೊರಗೆ ಒಂದು ಸುತ್ತು. ಅದರ ಹಿಂದೆ ಇರುವ ಟ್ರಾನ್ಸ್‌ಫರ್ ಕೇಸ್, ಅಂದರೆ ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಬಲ ಹಂಚುವ ಪೆಟ್ಟಿಗೆ, ಅದರ ಲೋ ಗೇರ್ 2.46. ಆಕ್ಸಲ್ಲಿನ ಒಳಗಿನ ಗೇರ್ ಜೋಡಿ, ಕ್ರೌನ್ ಪಿನಿಯನ್, 5.38. ಮೂರನ್ನೂ ಗುಣಿಸಿದರೆ ಸುಮಾರು 37 ಬರುತ್ತದೆ. ಅಂದರೆ ಇಂಜಿನ್ 37 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. 6.00-16 ಟೈರು ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. ಐಡ್ಲಿಂಗ್ (ಆಕ್ಸಿಲರೇಟರ್ ಒತ್ತದಾಗ ಇಂಜಿನ್ ತಿರುಗುವ ವೇಗ) 800 ಆರ್‌ಪಿಎಂ ಇದ್ದರೆ ಜೀಪು ಗಂಟೆಗೆ 3 ಕಿಲೋಮೀಟರಿಗಿಂತ ಸ್ವಲ್ಪ ಕಮ್ಮಿ ಇಳಿಯುತ್ತದೆ, ಆಳು ನಡೆಯುವುದಕ್ಕಿಂತ ನಿಧಾನ. ಕಾಫಿ ಮೂಟೆ ಹೇರಿಕೊಂಡು ಕೆಸರಿನಲ್ಲಿ ಇಳಿಯುವವನಿಗೆ ಇದು ಜೀವ ಉಳಿಸುವ ಸಂಖ್ಯೆ.

ಅದೇ ಜೀಪನ್ನು ರಸ್ತೆಗೆ ತನ್ನಿ. ಟಾಪ್ ಗೇರಿನಲ್ಲಿ, ಟ್ರಾನ್ಸ್‌ಫರ್ ಕೇಸ್ ಹೈನಲ್ಲಿ ಇದ್ದರೆ, ಅವೆರಡೂ 1ಕ್ಕೆ 1; ಉಳಿಯುವುದು 5.38 ಮಾತ್ರ. 2200 ಆರ್‌ಪಿಎಂಗೆ ಗಂಟೆಗೆ 54 ಕಿಲೋಮೀಟರ್. ಹಳೆ ಪೆಟ್ರೋಲ್ ಇಂಜಿನ್ 4000 ಆರ್‌ಪಿಎಂವರೆಗೆ ಹೋಗುತ್ತಿತ್ತು, ಅದರ ಪೂರ್ತಿ ಶಕ್ತಿ ಸಿಗುವುದೇ ಅಲ್ಲಿ. ನಿಧಾನವಾಗಿ ತಿರುಗಲು ಬಯಸುವ ಡೀಸೆಲ್ ಇಂಜಿನ್ ಹಾಕಿದರೆ ಹಾಸನದ ರಸ್ತೆಯಲ್ಲಿ ಅದು ಕೂಗುತ್ತಲೇ ಇರುತ್ತದೆ. ಆಗ ಬಹಳ ಜನ ಕ್ರೌನ್ ಪಿನಿಯನ್ ಬದಲಿಸಲು ಹೊರಡುತ್ತಾರೆ. ಬದಲಿಸಿ, ಬೇಡ ಅನ್ನಲ್ಲ. ಆದರೆ ಮುಂದಿನದೂ ಹಿಂದಿನದೂ ಒಂದೇ ರೇಶಿಯೋ ಇರಲೇಬೇಕು. ಹಿಂದಿನದನ್ನು ಮಾತ್ರ ಬದಲಿಸಿ ಫೋರ್ ವೀಲ್ ಹಾಕಿದರೆ ಎರಡು ಆಕ್ಸಲ್ ಒಂದನ್ನೊಂದು ಎಳೆದಾಡುತ್ತವೆ, ಟ್ರಾನ್ಸ್‌ಫರ್ ಕೇಸ್ ಹಾಳಾಗುತ್ತದೆ. ಇನ್ನೊಂದು, ರಸ್ತೆಯಲ್ಲಿ ಸಿಕ್ಕಿದ ವೇಗ ಇಳಿಜಾರಿನಲ್ಲೂ ಬರುತ್ತದೆ. 4.27 ಹಾಕಿದರೆ ಅದೇ 37 ಈಗ 29 ಚಿಲ್ಲರೆ. ಇಳಿಯುವ ವೇಗ 3ರಿಂದ 3.6 ಆಗುತ್ತದೆ. ಕಾಗದದ ಮೇಲೆ ಸಣ್ಣ ವ್ಯತ್ಯಾಸ, ಒದ್ದೆ ಜೇಡಿಮಣ್ಣಿನ ಮೇಲೆ ಸಣ್ಣದಲ್ಲ.

ಅದಕ್ಕೇ ನಾನು ಐದು ಗೇರಿನ ಪೆಟ್ಟಿಗೆಯ ಕಡೆ ಒಲಿಯುತ್ತೇನೆ. ಫಸ್ಟ್ ಗೇರಿನ ಸಂಖ್ಯೆ ಇನ್ನೂ ದೊಡ್ಡದು ಸಿಗುತ್ತದೆ, ಐದನೆಯದು 0.8ರ ಹತ್ತಿರ ಇದ್ದರೆ ಅದೇ 2200ಕ್ಕೆ 67 ಕಿಲೋಮೀಟರ್ ಬರುತ್ತದೆ. ಆದರೆ ಕೆಲಸ ಜಾಸ್ತಿ. ಟ್ರಾನ್ಸ್‌ಫರ್ ಕೇಸಿನ ಡ್ರೈವ್ ಗೇರ್ ಕೂತಿರುವುದೇ ಟಿ-90ರ ಮೇನ್ ಶಾಫ್ಟಿನ ತುದಿಯಲ್ಲಿ. ಬೇರೆ ಗೇರ್‌ಬಾಕ್ಸ್ ತಂದರೆ ಆ ಜೋಡಣೆಯನ್ನೇ ಹೊಸದಾಗಿ ಮಾಡಬೇಕು. ದುಡ್ಡು ಕಮ್ಮಿ ಇದ್ದವರಿಗೆ ನನ್ನ ಸಲಹೆ: ಹಳೆ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಹಾಗೇ ಇರಲಿ, ಅವಕ್ಕೆ ಹೊಂದುವ ಇಂಜಿನ್ ಹುಡುಕಿ.

ಹೊಂದುವುದು ಅಂದರೆ ಬಲದಲ್ಲೂ ಹೊಂದಬೇಕು. ಮೂಲ 2.2 ಲೀಟರ್ ಇಂಜಿನ್ನಿನ ಟಾರ್ಕ್ (ತಿರುಗಿಸುವ ಬಲ) ಸುಮಾರು 155 ನ್ಯೂಟನ್ ಮೀಟರ್. ಆಲ್ದೂರಿನವರು ತಂದದ್ದು 250ರ ಹತ್ತಿರ. 37ರಿಂದ ಗುಣಿಸಿದರೆ ಆಕ್ಸಲ್ಲಿಗೆ ಹೋಗುವುದು 5,700 ಇದ್ದದ್ದು 9,250 ಆಗುತ್ತದೆ. ಬಯಲಿನಲ್ಲಿ ಟೈರು ಜಾರಿ ಬಚಾವಾಗಬಹುದು. ಚಕ್ರ ಎರಡು ಕಲ್ಲಿನ ನಡುವೆ ಸಿಕ್ಕಿಕೊಂಡಾಗ ಜಾರುವುದಿಲ್ಲ, ಆಕ್ಸಲ್ ಶಾಫ್ಟ್ ತುಂಡಾಗುತ್ತದೆ. ಅದೂ ಎಲ್ಲಿ? ಮನೆ ಮುಂದೆ ಅಲ್ಲ, ತೋಟದ ಕೊನೆಯಲ್ಲಿ, ಫೋನ್ ಸಿಗ್ನಲ್ ಇಲ್ಲದ ಕಡೆ.

ಈಗ ಜೋಡಣೆಗೆ ಬರೋಣ. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಅಡಾಪ್ಟರ್ ಪ್ಲೇಟ್ ಬೇಕು. ಬೋಲ್ಟಿನ ತೂತು ಕೂತರೆ ಪ್ಲೇಟ್ ಸರಿಯಾಯಿತು ಅಂತ ತುಂಬಾ ಜನ ನಂಬುತ್ತಾರೆ. ನಾನೂ ನಂಬಿದ್ದೆ. ಸುಮಾರು ವರ್ಷಗಳ ಹಿಂದೆ ಮೂಡಿಗೆರೆ ಕಡೆಯ ಒಂದು ಜೀಪಿಗೆ ಹಾಗೇ ಜೋಡಿಸಿ ಕಳಿಸಿದೆ. ಎರಡೇ ತಿಂಗಳಲ್ಲಿ ವಾಪಸ್ ಬಂತು. ಫಸ್ಟ್ ಗೇರಿನಲ್ಲಿ ಕೂಗು, ಕ್ಲಚ್ ಒತ್ತಿದರೆ ನಡುಕ. ಬಿಚ್ಚಿ ನೋಡಿದರೆ ಗೇರ್‌ಬಾಕ್ಸಿನ ಮುಂದಿನ ಬೇರಿಂಗ್ ಮುಗಿದಿತ್ತು. ತಪ್ಪು ನನ್ನದೇ. ಇಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಮಧ್ಯ ಮತ್ತು ಕ್ಲಚ್ಚನ್ನು ಮುಚ್ಚುವ ಬೆಲ್ ಹೌಸಿಂಗಿನ ದೊಡ್ಡ ತೂತಿನ ಮಧ್ಯ ಒಂದೇ ಗೆರೆಯಲ್ಲಿ ಇರಲಿಲ್ಲ. ಆ ಜೀಪನ್ನು ದುಡ್ಡು ತಗೊಳ್ಳದೆ ಮತ್ತೆ ಮಾಡಿಕೊಟ್ಟೆ. ಅವತ್ತಿನಿಂದ ಫ್ಲೈವೀಲಿಗೆ ಸೂಕ್ಷ್ಮ ಅಳತೆಯ ಡಯಲ್ ಗೇಜ್ ಕಟ್ಟಿ, ಕ್ರ್ಯಾಂಕನ್ನು ಕೈಯಲ್ಲಿ ಒಂದು ಪೂರ್ತಿ ಸುತ್ತು ತಿರುಗಿಸಿ, ಆ ತೂತಿನ ಒಳಸುತ್ತನ್ನು ನೋಡದೆ ಗೇರ್‌ಬಾಕ್ಸ್ ಎತ್ತುವುದಿಲ್ಲ. ಮುಳ್ಳು ಒಟ್ಟು 0.13 ಮಿಲಿಮೀಟರಿಗಿಂತ ಜಾಸ್ತಿ ಆಡಬಾರದು, ಇಂಚಿನಲ್ಲಿ ಐದು ಸಾವಿರಾಂಶ. ಜಾಸ್ತಿ ಆಡಿದರೆ ಪ್ಲೇಟ್ ಮತ್ತೆ ಲೇತಿಗೆ.

ಪ್ಲೇಟಿನ ದಪ್ಪವೂ ಅಷ್ಟೇ ಮುಖ್ಯ. ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಮೂತಿ ಕ್ರ್ಯಾಂಕಿನ ತುದಿಯ ಪೈಲಟ್ ಬೇರಿಂಗಿನಲ್ಲಿ ಕೂರಬೇಕು. ಪ್ಲೇಟ್ ದಪ್ಪವಾದರೆ ಮೂತಿ ತಲುಪುವುದಿಲ್ಲ, ಶಾಫ್ಟ್ ಅಲ್ಲಾಡುತ್ತದೆ. ತೆಳುವಾದರೆ ಶಾಫ್ಟ್ ಕ್ರ್ಯಾಂಕನ್ನೇ ಒತ್ತಿ, ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರನ್ನು ತಿನ್ನುತ್ತದೆ. ಕ್ಲಚ್ ಪ್ಲೇಟಿನ ಹಲ್ಲು ಗೇರ್‌ಬಾಕ್ಸಿನ ಶಾಫ್ಟಿಗೆ ಹೊಂದಬೇಕು, ಅದರ ಅಗಲ ಇಂಜಿನ್ ಕಡೆಯ ಪ್ರೆಷರ್ ಪ್ಲೇಟಿಗೆ.

ಹಳೆ ಜೀಪಿನ ಮುಂದಿನ ಡಿಫರೆನ್ಷಿಯಲ್ ಬಲಗಡೆಗೆ ಸರಿದಿದೆ, ಪ್ರೊಪೆಲ್ಲರ್ ಶಾಫ್ಟ್ ಕೂಡ ಅದೇ ಬದಿಯಲ್ಲಿ ಹೋಗುತ್ತದೆ. ಹೊಸ ಇಂಜಿನ್ನಿನ ಸಂಪು (ಆಯಿಲ್ ತೊಟ್ಟಿ), ಸ್ಟಾರ್ಟರ್, ಆಯಿಲ್ ಫಿಲ್ಟರ್ ಆ ಕಡೆ ಇದ್ದರೆ ಸ್ಪ್ರಿಂಗ್ ಪೂರ್ತಿ ಒತ್ತಿದಾಗ ತಾಗುತ್ತದೆಯಾ ನೋಡಿ. ಸುಮ್ನೆ ಜ್ಯಾಕ್ ಮೇಲೆ ನಿಲ್ಲಿಸಿ ನೋಡಿದರೆ ಗೊತ್ತಾಗಲ್ಲ.

ಕಾಗದಪತ್ರದ ವಿಷಯ. ಗಾಡಿಯ ಮಾರ್ಪಾಡಿಗೆ ಕಡಿವಾಣ ಹಾಕುವ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇದೆ, ಆರ್‌ಸಿಯಲ್ಲಿ ಇಂಜಿನ್ ನಂಬರೂ ಇಂಧನವೂ ನಮೂದಾಗಿರುತ್ತವೆ. ಆರ್‌ಟಿಒ ಕಚೇರಿಗೆ ಮೊದಲು ಹೋಗಿ, ಅನುಮತಿ ಸಿಗುತ್ತದೆ ಅಂತ ಗೊತ್ತಾದ ಮೇಲೆ ಇಂಜಿನ್ ಖರೀದಿಸಿ. 2021ರಲ್ಲಿ ಬಂದ ನಿಯಮದಡಿ ವಿಂಟೇಜ್ (ಹಳೆ ಗಾಡಿ) ನೋಂದಣಿ ಮಾಡಿಸುವ ಆಸೆ ಇದ್ದರೆ ಇನ್ನೂ ಎಚ್ಚರ. 50 ವರ್ಷ ದಾಟಿದ ಗಾಡಿ ಮೂಲ ರೂಪದಲ್ಲೇ ಇರಬೇಕು ಅನ್ನುತ್ತದೆ ಆ ನಿಯಮ. ಅಂಥ ಗಾಡಿಯ ಮೂಲ ಇಂಜಿನ್ ರಿಪೇರಿಯಾಗುವ ಹಾಗಿದ್ದರೆ ಅದನ್ನೇ ಮಾಡಿಸಿ, ನನ್ನ ಮನಸ್ಸೂ ಅದನ್ನೇ ಹೇಳುತ್ತದೆ.

ಆಲ್ದೂರಿನವರು ಟರ್ಬೊ ಇಂಜಿನ್ ವಾಪಸ್ ಕೊಟ್ಟರು. ಬ್ಲಾಕಿನ ಬಿರುಕು ನೀರಿನ ಜಾಕೆಟ್ಟಿನ ಹೊರಗೋಡೆಯಲ್ಲಿ ಮಾತ್ರ ಇದೆ, ಸಿಲಿಂಡರಿನವರೆಗೆ ಹೋಗಿಲ್ಲ. ಬಿರುಕಿಗೆ ಲೋಹದ ಹೊಲಿಗೆ ಹಾಕಿಸಿ, ನೀರಿನ ಒತ್ತಡ ಕೊಟ್ಟು ನೋಡೋಣ ಅಂದಿದ್ದೇನೆ. ನಿಲ್ಲದಿದ್ದರೆ 155ರ ಆಸುಪಾಸಿನ ಇಂಜಿನ್ ಹುಡುಕುತ್ತೇವೆ, ಗೇರ್‌ಬಾಕ್ಸ್ ಮುಟ್ಟುವುದಿಲ್ಲ.