ದೂರದ ಸ್ವಿಚ್‌ಗೆ ಕೈ ಹಾಕುವ ಮುನ್ನ

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದೇ ಒಂದು ಪದ ಬಿಟ್ಟು ಇಡೀ ಕಟ್ಟಡದ ನೆಟ್‌ವರ್ಕ್ ಮಲಗಿಸಿದ್ದೆ. ಸಿಸ್ಕೋ ಕಂಪನಿಯ ಸ್ವಿಚ್, ಅಂದರೆ ಕಂಪ್ಯೂಟರ್‌ಗಳನ್ನು ನೆಟ್‌ವರ್ಕ್‌ಗೆ ಜೋಡಿಸುವ ಪೆಟ್ಟಿಗೆ. ವಿಲ್ಯಾನ್ ಅಂದರೆ ಒಂದೇ ಸ್ವಿಚ್‌ನೊಳಗೆ ಬೇರ್ಪಡಿಸಿದ ನೆಟ್‌ವರ್ಕ್. ಹಲವು ವಿಲ್ಯಾನ್‌ಗಳನ್ನು ಒಟ್ಟಿಗೆ ಮುಖ್ಯ ನೆಟ್‌ವರ್ಕ್‌ಗೆ ಒಯ್ಯುವ ಕೊಂಡಿಯಾದ ಅಪ್‌ಲಿಂಕ್ ಟ್ರಂಕ್‌ಗೆ ಹೊಸದಾಗಿ ವಿಲ್ಯಾನ್ 30 ಸೇರಿಸಬೇಕಿತ್ತು. ‘ಅಲೌಡ್ ವಿಲ್ಯಾನ್ ಆ್ಯಡ್ 30’ ಎಂದು ಟೈಪ್ ಮಾಡುವ ಬದಲು ‘ಅಲೌಡ್ ವಿಲ್ಯಾನ್ 30’ ಎಂದು ಹೊಡೆದೆ. ‘ಆ್ಯಡ್’ ಇಲ್ಲದಿದ್ದರೆ ಸ್ವಿಚ್ ಹಳೆಯ ಪಟ್ಟಿಯನ್ನು ಅಳಿಸಿ 30 ಒಂದನ್ನೇ ಇಟ್ಟುಕೊಳ್ಳುತ್ತದೆ. ಸ್ವಿಚ್ ನಿರ್ವಹಿಸಲು ನಾನು ಲಾಗಿನ್ ಆಗಿದ್ದ ಮ್ಯಾನೇಜ್‌ಮೆಂಟ್ ವಿಲ್ಯಾನ್ ಕೂಡ ಹೋಯಿತು. ತಪ್ಪು ಏನೆಂದು ತಕ್ಷಣ ಹೊಳೆಯಿತು, ಆದರೆ ಸರಿ ಮಾಡಲು ಒಳಗೆ ಹೋಗುವ ದಾರಿಯೇ ಇರಲಿಲ್ಲ. ಸ್ವಿಚ್‌ಗೇ ನೇರವಾಗಿ ಚುಚ್ಚುವ ಕನ್ಸೋಲ್ ಕೇಬಲ್ ಹಿಡಿದು ಅದಿದ್ದ ಕಡೆ ಓಡಿದೆ.

ಇಂಥ ಬದಲಾವಣೆಗೆ ಸ್ವಿಚ್ ನಿಲ್ಲಿಸಬೇಕಿಲ್ಲ, ಎಂಟರ್ ಒತ್ತಿದ ಕೂಡಲೇ ಜಾರಿಗೆ ಬರುತ್ತದೆ. ಕಷ್ಟ ಇರುವುದೂ ಅಲ್ಲೇ. ಹಾಗಾಗಿ ಈಗ ನಾನು ಏನನ್ನೂ ಮುಟ್ಟುವ ಮೊದಲು ‘ರೀಲೋಡ್ ಇನ್ 10’ ಕೊಡುತ್ತೇನೆ. ನಾನು ಹೊರಗೆ ಬಿದ್ದರೂ 10 ನಿಮಿಷಕ್ಕೆ ಸ್ವಿಚ್ ತಾನೇ ರೀಬೂಟ್ ಆಗಿ, ಸೇವ್ ಆಗಿದ್ದ ಹಳೆಯ ಕಾನ್ಫಿಗ್‌ನೊಂದಿಗೆ (ಸೆಟ್ಟಿಂಗ್‌ಗಳೊಂದಿಗೆ) ಏಳುತ್ತದೆ. ಎಲ್ಲ ಸರಿಯಿದ್ದರೆ ‘ರೀಲೋಡ್ ಕ್ಯಾನ್ಸಲ್’. ಇದನ್ನು ಮರೆತರೆ ಚೆನ್ನಾಗಿ ಓಡುತ್ತಿದ್ದ ಸ್ವಿಚ್ಚೂ ಸುಮ್ನೆ ರೀಬೂಟ್ ಆಗುತ್ತದೆ! ಮೊಬೈಲ್‌ನಲ್ಲಿ 8 ನಿಮಿಷಕ್ಕೆ ಅಲಾರಂ ಇಟ್ಟುಕೊಳ್ಳಿ.

ನನಗೆ ಜುನಿಪರ್ ಎಂಬ ಇನ್ನೊಂದು ಬ್ರ್ಯಾಂಡ್‌ನ ಸ್ವಿಚ್‌ಗಳ ರೀತಿ ಜಾಸ್ತಿ ಇಷ್ಟ. ಅಲ್ಲಿ ನಾವು ತಿದ್ದುವುದು ಕಾನ್ಫಿಗ್‌ನ ಕರಡು ಪ್ರತಿಯನ್ನು, ಜಾರಿಗೊಳಿಸು ಎಂದು ಹೇಳುವ ‘ಕಮಿಟ್’ ಕೊಡುವವರೆಗೆ ಏನೂ ಬದಲಾಗುವುದಿಲ್ಲ. ‘ಕಮಿಟ್ ಕನ್ಫರ್ಮ್ಡ್’ ಕೊಟ್ಟರೆ 10 ನಿಮಿಷದೊಳಗೆ ನಾವು ಮತ್ತೆ ಕಮಿಟ್ ಮಾಡಿ ಖಚಿತಪಡಿಸಬೇಕು. ಇಲ್ಲವಾದರೆ ಹಳೆಯದಕ್ಕೆ ತಾನೇ ಮರಳುತ್ತದೆ, ರೀಬೂಟ್ ಕೂಡ ಬೇಡ. ಸಿಸ್ಕೋದಲ್ಲೂ ಆರ್ಕೈವ್ (ಹಳೆಯ ಕಾನ್ಫಿಗ್ ಪ್ರತಿಗಳ ಸಂಗ್ರಹ) ಹೊಂದಿಸಿಟ್ಟರೆ ‘ರಿವರ್ಟ್ ಟೈಮರ್’ ಹೀಗೆಯೇ ಕೆಲಸ ಮಾಡುತ್ತದೆ.

ಇನ್ನು ಪರೀಕ್ಷೆ. ದೂರದಿಂದ ಲಾಗಿನ್ ಆಗಲು ತೆರೆದಿರುವ ಎಸ್‌ಎಸ್‌ಎಚ್ ಕಿಟಕಿ ಬದುಕಿದೆ ಅಂದ ಮಾತ್ರಕ್ಕೆ ನಂಬಬೇಡಿ. ಯಾರು ಲಾಗಿನ್ ಆಗಬಹುದು ಎಂಬ ಪಟ್ಟಿಯನ್ನು ತಪ್ಪಾಗಿ ತಿದ್ದಿದ್ದರೂ ಹಳೆಯ ಸೆಷನ್ ಆರಾಮಾಗಿ ಓಡುತ್ತಿರುತ್ತದೆ, ಬಾಗಿಲು ಮುಚ್ಚಿರುವುದು ಹೊಸಬರಿಗೆ ಮಾತ್ರ. ಹಳೆಯ ಕಿಟಕಿಯನ್ನು ಹಾಗೇ ಬಿಟ್ಟು ಇನ್ನೊಂದು ಕಿಟಕಿಯಿಂದ ಹೊಸದಾಗಿ ಲಾಗಿನ್ ಆಗಿ ನೋಡಿ.

ಸೇವ್ ಮಾಡುವುದು ಅದಾದ ಮೇಲೆ. ಟೈಮರ್ ಹಾಕಿ, ಬದಲಾವಣೆ ಮಾಡಿ, ಅಭ್ಯಾಸಬಲದಿಂದ ‘ರೈಟ್ ಮೆಮೊರಿ’ (ಸೇವ್ ಮಾಡುವ ಆದೇಶ) ಹೊಡೆದವರನ್ನು ನೋಡಿದ್ದೇನೆ. ಹತ್ತು ನಿಮಿಷಕ್ಕೆ ಸರಿಯಾಗಿ ಸ್ವಿಚ್ ರೀಬೂಟ್ ಆಯಿತು, ಅದೇ ತಪ್ಪು ಕಾನ್ಫಿಗ್‌ನೊಂದಿಗೆ ಎದ್ದು ಕೂತಿತು.