ಮೂರನೇ ಸಲ ಒತ್ತಿದರೆ ಏಳುವ ಕಂಪ್ಯೂಟರ್

ಬೆಳಿಗ್ಗೆ ಪವರ್ ಬಟನ್ ಒತ್ತುತ್ತೀರಿ. ಫ್ಯಾನ್ ಅರೆಕ್ಷಣ ತಿರುಗಿ ನಿಂತುಬಿಡುತ್ತದೆ. ಎರಡನೇ ಸಲವೂ ಅಷ್ಟೇ. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಎದ್ದುಕೊಂಡರೆ ಸಂಜೆಯವರೆಗೂ ತಕರಾರಿಲ್ಲ. ಇದು ವೈರಸ್ ಕಾಟ ಎನ್ನುವವರಿದ್ದಾರೆ; ಆನ್ ಆಗದ ಯಂತ್ರದಲ್ಲಿ ವೈರಸ್‌ಗೆ ಏನು ಕೆಲಸ? ಇನ್ನು ಕೆಲವರು ಹೇರ್ ಡ್ರೈಯರ್‌ನಿಂದ ಮದರ್‌ಬೋರ್ಡಿಗೆ ಬಿಸಿಗಾಳಿ ಊದಿ, ರಿಪೇರಿ ಆಯಿತು ಎಂದು ನಂಬುತ್ತಾರೆ. ಬಿಸಿ ತಾಗಿದ ಮೇಲೆ ಎದ್ದದ್ದು ನಿಜ. ಆದರೆ ಅದರಿಂದ ರೋಗ ವಾಸಿಯಾಗಲಿಲ್ಲ, ರೋಗ ಯಾವುದೆಂದು ಗೊತ್ತಾಯಿತು ಅಷ್ಟೇ.

ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಕಂಪ್ಯೂಟರಿಗೆ ಹೊಂದಿಸಿ ಕೊಡುವ ಡಬ್ಬಿ) ಕೊಡುವುದು 12 ವೋಲ್ಟ್. ಪ್ರೊಸೆಸರ್‌ಗೆ ಬೇಕಾದದ್ದು ಸುಮಾರು 1.2 ವೋಲ್ಟ್. 120 ವಾಟ್ ಎಳೆಯುವ ಪ್ರೊಸೆಸರ್ ಎಂದರೆ 1.2 ವೋಲ್ಟ್‌ನಲ್ಲಿ 100 ಆಂಪಿಯರ್! ಇದನ್ನು ಒದಗಿಸಲು ಪ್ರೊಸೆಸರ್ ಕೂರುವ ಸಾಕೆಟ್‌ನ ಪಕ್ಕದಲ್ಲೇ ಮಾಸ್‌ಫೆಟ್ ಎಂಬ ಪುಟ್ಟ ಎಲೆಕ್ಟ್ರಾನಿಕ್ ಸ್ವಿಚ್‌ಗಳು ಸೆಕೆಂಡಿಗೆ ಲಕ್ಷಾಂತರ ಸಲ 12 ವೋಲ್ಟನ್ನು ತೆರೆದು ಮುಚ್ಚುತ್ತಿರುತ್ತವೆ. ಬಿಟ್ಟುಬಿಟ್ಟು ಬರುವ ಆ ವಿದ್ಯುತ್ತನ್ನು ತಂತಿಸುರುಳಿಗಳೂ ಕೆಪಾಸಿಟರ್‌ಗಳೂ ಸಮ ಮಾಡುತ್ತವೆ. ಪಂಪು ಬಿಟ್ಟುಬಿಟ್ಟು ನೀರೆತ್ತಿದರೂ ನಲ್ಲಿಯಲ್ಲಿ ಒಂದೇ ಧಾರೆ ಬರುವುದು ನಡುವೆ ಟ್ಯಾಂಕ್ ಇರುವುದರಿಂದ. ಕೆಪಾಸಿಟರ್ ಆ ಟ್ಯಾಂಕ್. ಆದರೆ ಟ್ಯಾಂಕಿನಲ್ಲಿ ನೀರಿದ್ದರೆ ಸಾಲದು, ಬೇಕೆಂದ ಕೂಡಲೇ ಹೊರಗೂ ಬರಬೇಕು. ತುಂಬಿದ ಕೊಡದ ಬಾಯಿ ಕಿರಿದಾದರೆ ಎಷ್ಟು ಬಗ್ಗಿಸಿದರೂ ಗುಳುಗುಳು ಎಂದು ತಡೆತಡೆದು ಬೀಳುತ್ತದಲ್ಲ, ಹಾಗೆ. ಕೆಪಾಸಿಟರ್‌ನ ಈ ಕಿರಿಬಾಯಿಗೆ ಇಎಸ್‌ಆರ್ ಎನ್ನುತ್ತಾರೆ. ಅದರ ಒಳಗಿನ ರೋಧ ಅದು.

ಅಲ್ಯೂಮಿನಿಯಂ ಕೆಪಾಸಿಟರ್ ಒಳಗಿರುವುದು ದ್ರಾವಣದಲ್ಲಿ ನೆನೆಸಿದ ಕಾಗದದ ಸುರುಳಿ. ವರ್ಷಗಳು ಕಳೆದಂತೆ ಆ ದ್ರಾವಣ ಆವಿಯಾಗಿ ರಬ್ಬರ್ ಬಿರಡೆಯ ಮೂಲಕ ಸೋರಿಹೋಗುತ್ತದೆ, ರೋಧ ಏರುತ್ತದೆ. ತಣ್ಣಗಿದ್ದಾಗ ಉಳಿದ ದ್ರಾವಣವೂ ಮಂದವಾಗಿ, ಅಯಾನುಗಳ ಓಡಾಟ ನಿಧಾನವಾಗಿ, ರೋಧ ಇನ್ನಷ್ಟು ಹೆಚ್ಚುತ್ತದೆ. ಬಟನ್ ಒತ್ತಿದ ಗಳಿಗೆಯಲ್ಲಿ ವೋಲ್ಟೇಜ್ ಕುಸಿಯುತ್ತದೆ, ಯಂತ್ರ ನಿಲ್ಲುತ್ತದೆ. ಒಂದೆರಡು ಪ್ರಯತ್ನದಲ್ಲಿ ಹರಿದ ಪ್ರವಾಹವೇ ಕೆಪಾಸಿಟರನ್ನು ತುಸು ಬೆಚ್ಚಗೆ ಮಾಡುತ್ತದೆ. ಮೂರನೇ ಸಲ ಏಳುವ ಗುಟ್ಟು ಇದು. ಹೇರ್ ಡ್ರೈಯರ್ ಮಾಡಿದ್ದೂ ಇದನ್ನೇ. ದಿನವೂ ಬಿಸಿ ಮಾಡಿದರೆ ಒಣಗುವುದು ಇನ್ನೂ ಬೇಗ. 105 ಡಿಗ್ರಿಯಲ್ಲಿ 2000 ಗಂಟೆ ಎಂದು ಬರೆದಿರುವ ಕೆಪಾಸಿಟರ್‌ನ ಆಯುಷ್ಯ ಪ್ರತಿ 10 ಡಿಗ್ರಿ ಇಳಿದಾಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. 65 ಡಿಗ್ರಿಗೆ ಲೆಕ್ಕ ಹಾಕಿದರೆ 32,000 ಗಂಟೆ. ಫ್ಯಾನಿನ ಧೂಳು ಒರೆಸುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಚಾರ್ಲ್ಸ್ ಪೊಲ್ಲಾಕ್ ಇಂಥ ಕೆಪಾಸಿಟರ್‌ನ ಪೇಟೆಂಟಿಗೆ ಅರ್ಜಿ ಹಾಕಿದ್ದು 1896ರಲ್ಲಿ. ಆಗಿನ ದ್ರಾವಣ ಬೊರಾಕ್ಸ್. ದ್ರಾವಣದ ಹದ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಜಗತ್ತು ನೋಡಿದ್ದು ನೂರು ವರ್ಷಗಳ ನಂತರ. 2000ದ ದಶಕದ ಆರಂಭದಲ್ಲಿ ತಯಾರಾದ ಅಸಂಖ್ಯ ಬೋರ್ಡ್‌ಗಳಲ್ಲಿ ದ್ರಾವಣದ ನೀರು ಅಲ್ಯೂಮಿನಿಯಂ ಜೊತೆ ವರ್ತಿಸಿ ಹೈಡ್ರೋಜನ್ ಹುಟ್ಟಿತು, ಕೆಪಾಸಿಟರ್‌ಗಳ ತಲೆ ಉಬ್ಬಿ ಬಿರಿಯಿತು. ತಲೆಯ ಮೇಲೆ ಕೊರೆದ ಗೆರೆಗಳು ಇರುವುದೇ ಹೀಗೆ ಮೆತ್ತಗೆ ಬಿರಿಯಲೆಂದು. ಈಗಿನ ಬೋರ್ಡ್‌ಗಳಲ್ಲಿ ಹೆಚ್ಚಾಗಿ ಇರುವುದು ಘನ ಪಾಲಿಮರ್ ಕೆಪಾಸಿಟರ್‌ಗಳು. ಅವು ಹೀಗೆ ಒಣಗುವುದಿಲ್ಲ. ಆದರೆ ಎಸ್‌ಎಂಪಿಎಸ್ ಒಳಗೆ ದ್ರಾವಣದ ಕೆಪಾಸಿಟರ್‌ಗಳು ಇಂದಿಗೂ ಇವೆ. ಹಾಗಾಗಿ "ಮದರ್‌ಬೋರ್ಡ್ ಹೋಯಿತು" ಎಂದು ತೀರ್ಪು ಕೊಡುವ ಮೊದಲು ಎಸ್‌ಎಂಪಿಎಸ್ ಬದಲಿಸಿ ನೋಡಲೇಬೇಕು.

ಬೇರೆ ಎಸ್‌ಎಂಪಿಎಸ್ ಸಿಗದಿದ್ದರೆ 24 ಪಿನ್ ಕನೆಕ್ಟರನ್ನು ಬೋರ್ಡಿನಿಂದ ಕಳಚಿ, 16ನೇ ಪಿನ್ನನ್ನು (ಬಣ್ಣದ ತಂತಿಗಳಿದ್ದರೆ ಅದು ಹಸಿರು) ಪಕ್ಕದ ಕಪ್ಪು ತಂತಿಯ ಪಿನ್ನಿಗೆ ಪೇಪರ್ ಕ್ಲಿಪ್‌ನಿಂದ ಜೋಡಿಸಿ ಮಲ್ಟಿಮೀಟರ್ ಹಿಡಿಯಿರಿ. 12 ವೋಲ್ಟ್ ಎಂಬುದು 11.4ರಿಂದ 12.6ರ ಒಳಗೆ, 5 ಎಂಬುದು 4.75ರಿಂದ 5.25ರ ಒಳಗೆ ಇರಬೇಕು. ತಪ್ಪಿದರೆ ಎಸ್‌ಎಂಪಿಎಸ್ ಕೆಟ್ಟಿದೆ. ಸರಿಯಿದ್ದರೆ ಚೆನ್ನಾಗಿದೆ ಎಂದು ಹೇಳುವಂತಿಲ್ಲ. ವಿದ್ಯುತ್ ಎಳೆಯುವ ಭಾಗಗಳು ಇಲ್ಲದಾಗ ಮುದಿ ಕೆಪಾಸಿಟರೂ ನೆಟ್ಟಗೆ ನಿಲ್ಲುತ್ತದೆ. ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ.

ಆಮೇಲೆ ಬೋರ್ಡನ್ನು ಕ್ಯಾಬಿನೆಟ್‌ನಿಂದ ತೆಗೆದು ರಟ್ಟಿನ ಮೇಲಿಡಿ. ಪ್ರೊಸೆಸರ್, ಅದರ ಕೂಲರ್, ಪುಟ್ಟ ಸ್ಪೀಕರ್ ಇಷ್ಟೇ ಇರಲಿ, ರ‍್ಯಾಮ್ ಕೂಡ ಬೇಡ. ಪವರ್ ಸ್ವಿಚ್‌ನ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಕ್ಷಣಮಾತ್ರ ಮುಟ್ಟಿಸಿ. ರ‍್ಯಾಮ್ ಇಲ್ಲವೆಂದು ಬೀಪ್ ಕೂಗಿದರೆ ಪ್ರೊಸೆಸರೂ ಬಯಾಸೂ (ಯಂತ್ರವನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಜೀವಂತವಾಗಿವೆ. ಇನ್ನು ರ‍್ಯಾಮ್‌ಗಳನ್ನು ಒಂದೊಂದಾಗಿ ಹಾಕಿ ನೋಡಿ. ಫ್ಯಾನ್ ಮಿಡುಕಿ ನಿಂತರೆ ಪ್ರೊಸೆಸರ್‌ಗೆ ಹೋಗುವ 8 ಪಿನ್ ಕೇಬಲ್ ಕಳಚಿ ಮತ್ತೆ ಪ್ರಯತ್ನಿಸಿ. ಈಗ ಫ್ಯಾನ್ ನಿಲ್ಲದೆ ತಿರುಗಿದರೆ ಮಾಸ್‌ಫೆಟ್ ಶಾರ್ಟ್ ಆಗಿರುವ ಸಾಧ್ಯತೆ ದೊಡ್ಡದು. ಇಂಥ ಬೋರ್ಡಿಗೆ "ಪರೀಕ್ಷೆ ಮಾಡೋಣ" ಎಂದು ಒಳ್ಳೆಯ ಪ್ರೊಸೆಸರ್ ಕೂರಿಸಲೇಬೇಡಿ. 12 ವೋಲ್ಟ್ ಕಡೆಯ ಮಾಸ್‌ಫೆಟ್ ಸುಟ್ಟು ಅಂಟಿಕೊಂಡಿದ್ದರೆ 1.2ರ ಜಾಗಕ್ಕೆ ನೇರ 12 ವೋಲ್ಟ್ ನುಗ್ಗಬಹುದು.

ಗಡಿಯಾರ ಹಿಂದೆ ಬೀಳುವುದು, ಬಯಾಸ್ ಸೆಟ್ಟಿಂಗ್ ಮರೆಯುವುದು ಬಹುಪಾಲು ಸಿಆರ್2032 ಬಟನ್ ಸೆಲ್ ತೀರಿದ ಗುರುತು. 3 ವೋಲ್ಟ್‌ನ ಸೆಲ್ 2.7ಕ್ಕೆ ಇಳಿದಿದ್ದರೆ ಬದಲಿಸಿ. ಇದಕ್ಕಾಗಿ ಬೋರ್ಡ್ ಎಸೆಯಬೇಡಿ.

ಬೋರ್ಡೇ ಹೋಗಿದೆ ಎಂದಾದರೆ ಹೊಸದನ್ನು ಹುಡುಕುವಾಗ ಸಾಕೆಟ್ ಹೆಸರೊಂದನ್ನೇ ನಂಬಬೇಡಿ. ಇಂಟೆಲ್‌ನ 8ನೇ ತಲೆಮಾರಿನ ಪ್ರೊಸೆಸರ್ ಎಲ್‌ಜಿಎ1151 ಸಾಕೆಟ್‌ನದ್ದೇ ಆದರೂ 100, 200 ಸರಣಿಯ ಚಿಪ್‌ಸೆಟ್ (ಬೋರ್ಡಿನ ಮುಖ್ಯ ನಿಯಂತ್ರಕ ಚಿಪ್) ಇರುವ ಬೋರ್ಡ್‌ಗಳಲ್ಲಿ ನಡೆಯುವುದಿಲ್ಲ. ಎಲ್‌ಜಿಎ1700 ಸಾಕೆಟ್‌ನಲ್ಲಿ ಡಿಡಿಆರ್4 ಬೋರ್ಡೂ ಇದೆ, ಡಿಡಿಆರ್5 ಬೋರ್ಡೂ ಇದೆ; ಒಂದರ ರ‍್ಯಾಮ್ ಇನ್ನೊಂದರಲ್ಲಿ ಕೂರದು. ತಯಾರಕರ ಪಟ್ಟಿಯಲ್ಲಿ ನಿಮ್ಮ ಪ್ರೊಸೆಸರ್‌ಗೆ ಯಾವ ಬಯಾಸ್ ಆವೃತ್ತಿ ಬೇಕೆಂದು ಓದಿಕೊಳ್ಳಿ. ಅಳತೆಯ ವಿಷಯದಲ್ಲಿ 1995ರ ಎಟಿಎಕ್ಸ್ ಮಾನಕ ದೊಡ್ಡ ಉಪಕಾರ ಮಾಡಿದೆ: 305×244 ಮಿ.ಮೀ. ಬೋರ್ಡಿಗೆಂದು ಮಾಡಿದ ಕ್ಯಾಬಿನೆಟ್‌ನಲ್ಲಿ 244×244ರ ಮೈಕ್ರೋ ಎಟಿಎಕ್ಸ್ ಕೂಡ ಅದೇ ತೂತುಗಳಿಗೆ ಕೂರುತ್ತದೆ. ಕಂಪನಿಯೇ ಜೋಡಿಸಿ ಮಾರಿದ ಯಂತ್ರವಾದರೆ ಪವರ್ ಕನೆಕ್ಟರ್ ಬೇರೆ ಇರಬಹುದು, ಮೊದಲೇ ಕ್ಯಾಬಿನೆಟ್ ಬಿಚ್ಚಿ ನೋಡಿ.

ಡಿಸ್ಕ್‌ಗೆ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಇದ್ದರೆ ರಿಕವರಿ ಕೀ ಕೈಯಲ್ಲಿರಬೇಕು; ಬೀಗದ ಗುಟ್ಟು ಹಳೆಯ ಬೋರ್ಡಿನ ಟಿಪಿಎಂ ಎಂಬ ಭದ್ರತಾ ಭಾಗದಲ್ಲೇ ಉಳಿದುಹೋಗುತ್ತದೆ. ಎಎಂಡಿಯ ಎಎಂ4 ಸಾಕೆಟ್‌ನ ಪ್ರೊಸೆಸರ್ ಕೂಲರ್‌ಗೆ ಅಂಟಿ ಸಾಕೆಟ್‌ನಿಂದಲೇ ಕಿತ್ತು ಬರುವುದುಂಟು, ಆಗ ಪಿನ್‌ಗಳು ಬಾಗುತ್ತವೆ. ಹೇರ್ ಡ್ರೈಯರ್ ಉಪಯೋಗಕ್ಕೆ ಬರುವುದು ಇಲ್ಲಿ: ಕೂಲರ್‌ನ ಬುಡ ಬೆಚ್ಚಗೆ ಮಾಡಿ, ನಡುವಿನ ಶಾಖವಾಹಕ ಪೇಸ್ಟ್ ಮೆತ್ತಗಾದ ಮೇಲೆ ಆಚೀಚೆ ತಿರುಚಿ ಎತ್ತಿ.

ಹೊಸ ಬೋರ್ಡನ್ನೂ ಮೊದಲು ರಟ್ಟಿನ ಮೇಲೆಯೇ ಆನ್ ಮಾಡಿ. ಕ್ಯಾಬಿನೆಟ್‌ಗೆ ಹಾಕುವ ಮುನ್ನ ಹಿತ್ತಾಳೆಯ ಸ್ಟ್ಯಾಂಡ್‌ಆಫ್‌ಗಳನ್ನು (ಬೋರ್ಡನ್ನು ಎತ್ತಿ ಹಿಡಿಯುವ ಗಿಡ್ಡ ಕಂಬಗಳು) ಬೋರ್ಡಿನ ತೂತುಗಳ ಜೊತೆ ಒಂದೊಂದಾಗಿ ಎಣಿಸಿ ಹೊಂದಿಸಿ. ತೂತಿಲ್ಲದ ಕಡೆ ಒಂದು ಉಳಿದರೂ ಅದು ಬೋರ್ಡಿನ ಬೆನ್ನಿನ ಬೆಸುಗೆಗೆ ತಾಗಿ ಶಾರ್ಟ್ ಮಾಡಬಹುದು.